ಬರೆದ ಹೂ, ಮೆತ್ತಿದ ಹೂ, ಅಚ್ಚಿನ ಹೂ: ಅಮೆರಿಕದ ಮ್ಯಾಟ್ ಹೂದಾನಿಗಳಲ್ಲಿ ಯಾವುದನ್ನು ಆರಿಸಬೇಕು

ಒಹಾಯೊ ರಾಜ್ಯದ ಕೊಲಂಬಸ್ ನಗರದಿಂದ ಪೂರ್ವಕ್ಕೆ ಕಾರಿನಲ್ಲಿ ಒಂದು ಗಂಟೆ ಸಾಗಿದರೆ ಝೇನ್ಸ್‌ವಿಲ್ ಸಿಗುತ್ತದೆ. ಒಂದು ಕಾಲಕ್ಕೆ ಈ ಊರೂ ಇದರ ನೆರೆಯ ರೋಸ್‌ವಿಲ್ಲೂ ತಮ್ಮ ನೆಲದ ಜೇಡಿಮಣ್ಣಿನಿಂದಲೇ ಹೆಸರು ಮಾಡಿದ್ದವು. ಆ ಕಾಲದ ಹೂದಾನಿಗಳು ಇಂದು ಆ ಸೀಮೆಯ ಹಳೆಯ ಸಾಮಾನಿನ ಮಳಿಗೆಗಳಲ್ಲಿ ಗಾಜಿನ ಕಪಾಟಿನೊಳಗೆ ಸಾಲಾಗಿ ನಿಂತಿರುತ್ತವೆ. ಅಂಥದೊಂದು ಕಪಾಟಿನಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಹೂದಾನಿಗಳಿಂದ ಈ ವಿಷಯದಲ್ಲಿ ನನ್ನ ಕಲಿಕೆ ಆರಂಭವಾಯಿತು. ಎರಡೂ ಎಂಟು ಇಂಚಿನವು, ಎರಡೂ ನೀಲಿ, ಎರಡರ ಮೇಲೂ ಬಿಳಿ ಹೂ, ಎರಡರ ಮೈಯಲ್ಲೂ ಹೊಳಪಿಲ್ಲ. ಒಂದರ ಚೀಟಿಯಲ್ಲಿ 90 ಡಾಲರ್ ಎಂದಿತ್ತು, ಇನ್ನೊಂದರ ಚೀಟಿಯಲ್ಲಿ 900. ಅಂಗಡಿಯವರ ಅನುಮತಿ ಕೇಳಿ ಎರಡನ್ನೂ ಕೈಗೆ ತೆಗೆದುಕೊಂಡು ಹೂವಿನ ಮೇಲೆ ಹೆಬ್ಬೆರಳು ಆಡಿಸಿದೆ. ಮೊದಲನೆಯದರಲ್ಲಿ ಎಸಳು, ರೆಂಬೆ, ಎಲೆಯ ನರ ಎಲ್ಲವೂ ಉಬ್ಬಿ ಬೆರಳಿಗೆ ತಾಗಿದವು. ಎರಡನೆಯದರಲ್ಲಿ ಬೆರಳಿಗೆ ಏನೂ ಸಿಗಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ಹೂ ತೆಳ್ಳನೆಯ ಮಂಜಿನ ಹಿಂದೆ ಎಲ್ಲೋ ಒಳಗಿತ್ತು. ಮೊದಲನೆಯದು ರೋಸ್‌ವಿಲ್ ಕಂಪನಿಯ ಮ್ಯಾಗ್ನೋಲಿಯಾ, ಎರಡನೆಯದು ಸಿನ್ಸಿನಾಟಿಯ ರುಕ್‌ವುಡ್‌ನ ವೆಲ್ಲಮ್.

ಹೊಸದಾಗಿ ಕೊಳ್ಳುವವರು ಸಾಮಾನ್ಯವಾಗಿ ಕಂಪನಿಯ ಹೆಸರಿನಿಂದ ಆರಂಭಿಸುತ್ತಾರೆ. ಹೂ ಪಾತ್ರೆಯ ಮೇಲೆ ಬಂದದ್ದು ಹೇಗೆ ಎಂಬ ಪ್ರಶ್ನೆಯಿಂದ ಆರಂಭಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅದನ್ನು ಕುಂಚದಿಂದ ಬರೆದಿದ್ದಾರೆಯೇ, ಕೈಯಿಂದ ಮೆತ್ತಿ ಅಥವಾ ಕೊರೆದು ಮಾಡಿದ್ದಾರೆಯೇ, ಅಥವಾ ಅದು ಪಾತ್ರೆಯೊಡನೆಯೇ ಅಚ್ಚಿನಿಂದ ಇಳಿದು ಬಂದಿದೆಯೇ ಎಂಬುದು ತಿಳಿದರೆ ಬೆಲೆಯ ಅಂತರ, ನಕಲಿಯ ಅಪಾಯ, ಒಂದೇ ನಮೂನೆ ಎಷ್ಟು ಮನೆಗಳಲ್ಲಿ ಇರಬಹುದು ಎಂಬ ಅಂದಾಜು, ಇವೆಲ್ಲ ತಾವಾಗಿಯೇ ತಿಳಿಯುತ್ತಾ ಹೋಗುತ್ತವೆ.

ಮ್ಯಾಟ್ ಎಂಬ ಹೊಳಪಿಲ್ಲದ ಮೈ ಎಂದರೇನು

ಗ್ಲೇಜ್ ಎಂಬುದು ಆವಿಗೆಯ ಶಾಖದಲ್ಲಿ ಕರಗಿ ಮಣ್ಣಿಗೆ ಅಂಟಿಕೊಳ್ಳುವ ಗಾಜಿನ ಪದರ. ಸಾಧಾರಣ ಗ್ಲೇಜ್ ತಣ್ಣಗಾದಾಗ ಗಾಜಿನಂತೆಯೇ ನುಣುಪಾಗಿ ಉಳಿದು ಬೆಳಕನ್ನು ಕನ್ನಡಿಯ ಹಾಗೆ ಹಿಂದಿರುಗಿಸುತ್ತದೆ. ಅದರಲ್ಲಿ ಅಲ್ಯೂಮಿನಾ, ಸುಣ್ಣ, ಸತುವು ಮೊದಲಾದವುಗಳ ಪ್ರಮಾಣವನ್ನು ಹದವಾಗಿ ಹೆಚ್ಚಿಸಿ ನಿಧಾನವಾಗಿ ತಣಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಮೂಡುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಮೈ ಮಂದವಾಗಿ, ಮುಟ್ಟಿದರೆ ನದಿಯ ಗುಂಡುಕಲ್ಲಿನಂತೆ ಇರುತ್ತದೆ. ಅರೆಬೆಂದ ಗ್ಲೇಜ್ ಕೂಡ ಮಂಕಾಗಿಯೇ ಕಾಣುತ್ತದೆ, ಆಮ್ಲದಲ್ಲಿ ಅದ್ದಿ ಹೊಳಪು ತೆಗೆದದ್ದೂ ಹಾಗೆಯೇ. ಆದರೆ ಅವೆರಡರಲ್ಲಿ ಈ ಆಳ ಇರುವುದಿಲ್ಲ. ಅಮೆರಿಕದ ಕುಂಬಾರರಿಗೆ ಈ ಹುಚ್ಚು ಹಿಡಿಸಿದ್ದರಲ್ಲಿ ಫ್ರೆಂಚರ ಪಾಲು ದೊಡ್ಡದು. 1893ರ ಷಿಕಾಗೊ ವಿಶ್ವಮೇಳದಲ್ಲಿ ಡೆಲಾಹರ್ಶ್ ಮುಂತಾದವರ ಪಾತ್ರೆಗಳನ್ನು ಕಂಡ ಬಾಸ್ಟನ್ನಿನ ವಿಲಿಯಂ ಗ್ರೂಬಿ ತನ್ನದೇ ಹಸಿರನ್ನು ಹುಡುಕಲು ಹೊರಟ. ಅದೇ ವರ್ಷ ಓದಿಗೆಂದು ಪ್ಯಾರಿಸ್‌ಗೆ ಹೋದ ರುಕ್‌ವುಡ್‌ನ ಚಿತ್ರಗಾರ ಆರ್ಟಸ್ ವ್ಯಾನ್ ಬ್ರಿಗಲ್ ಅಲ್ಲಿ ಚೀನಾದ ಮಿಂಗ್ ಕಾಲದ ಹೊಳಪಿಲ್ಲದ ಪಾತ್ರೆಗಳಿಗೆ ಮನಸೋತು ಮರಳಿದ.

ಬರೆದ ಹೂ: ರುಕ್‌ವುಡ್ ಮತ್ತು ವೆಲ್ಲರ್

ರುಕ್‌ವುಡ್ ಅನ್ನು 1880ರಲ್ಲಿ ಆರಂಭಿಸಿದವರು ಮರಿಯಾ ಲಾಂಗ್‌ವರ್ತ್ ನಿಕೋಲ್ಸ್ ಎಂಬ ಮಹಿಳೆ. ಅಲ್ಲಿನ ಚಿತ್ರಗಾರರು ಬಣ್ಣ ಬೆರೆಸಿದ ತಿಳಿಮಣ್ಣಿನಿಂದ ಹಸಿ ಪಾತ್ರೆಯ ಮೇಲೆ ಹೂ ಬರೆಯುತ್ತಿದ್ದರು. ಮೊದಲ ದಶಕಗಳಲ್ಲಿ ಅದರ ಮೇಲೆ ಹೊಳೆಯುವ ಗ್ಲೇಜ್ ಬರುತ್ತಿತ್ತು. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಕಂಪನಿಯು ವೆಲ್ಲಮ್ ಎಂಬ ಹೊಸ ಗ್ಲೇಜನ್ನು ಜನರ ಮುಂದಿಟ್ಟಿತು. ಅಲ್ಲಿಯವರೆಗಿನ ಮ್ಯಾಟ್ ಗ್ಲೇಜುಗಳು ಹೆಚ್ಚಾಗಿ ಅಪಾರದರ್ಶಕವಾಗಿದ್ದುದರಿಂದ ಒಳಗಿನ ಚಿತ್ರವನ್ನು ಮುಚ್ಚಿಬಿಡುತ್ತಿದ್ದವು. ವೆಲ್ಲಮ್ ಮಾತ್ರ ಹೊಳಪನ್ನು ತಡೆದು ಚಿತ್ರವನ್ನು ಬಿಟ್ಟುಕೊಟ್ಟಿತು. ಮುಂಜಾನೆಯ ಇಬ್ಬನಿಯಲ್ಲಿ ಕಂಡ ಹೂವಿನಂತೆ ಅದರ ಅಂಚುಗಳು ಸ್ವಲ್ಪ ಕರಗಿದಂತಿರುತ್ತವೆ. ಇದೇ ಕಂಪನಿಯು 1920ರ ದಶಕದ ಹೊತ್ತಿಗೆ ನೇರವಾಗಿ ಮ್ಯಾಟ್ ಬಣ್ಣದಲ್ಲಿಯೇ ಹೂ ಬರೆದ ಪಾತ್ರೆಗಳನ್ನೂ ಹೆಚ್ಚಾಗಿ ತಂದಿತು. ಅವುಗಳಲ್ಲಿ ಬಣ್ಣ ಮೇಣದಂತೆ ಹರಿದು ಹೂವಿನ ಗೆರೆ ಇನ್ನಷ್ಟು ಸಡಿಲವಾಗಿರುತ್ತದೆ. ನನಗೆ ವೆಲ್ಲಮ್ ಹೆಚ್ಚು ಹಿಡಿಸುತ್ತದೆ, ಆದರೆ ಗಾಢ ಬಣ್ಣ ಬೇಕೆನ್ನುವವರು ಇವನ್ನು ನೋಡದೆ ಬಿಡಬಾರದು.

ರುಕ್‌ವುಡ್ ಕೊಳ್ಳುವವರಿಗೆ ಇರುವ ದೊಡ್ಡ ಅನುಕೂಲವೆಂದರೆ ತಳದ ಗುರುತು. ಅದನ್ನು ಓದಲು ಕಲಿತರೆ ಮಾರುವವರ ಮಾತನ್ನು ನೆಚ್ಚಬೇಕಿಲ್ಲ. ಬೆನ್ನು ತಿರುಗಿಸಿದ ಆರ್ ಮತ್ತು ಪಿ ಅಕ್ಷರಗಳ ಜೋಡಿ 1886ರಲ್ಲಿ ಬಂದಿತು. 1887ರಿಂದ ವರ್ಷಕ್ಕೊಂದರಂತೆ ಅದರ ಸುತ್ತ ಒಂದೊಂದು ಜ್ವಾಲೆ ಸೇರುತ್ತಾ 1900ಕ್ಕೆ ಹದಿನಾಲ್ಕಾದವು. 1901ರಿಂದ ಜ್ವಾಲೆಗಳ ಕೆಳಗೆ ರೋಮನ್ ಅಂಕಿಯಲ್ಲಿ ವರ್ಷ ಬಂದಿತು. ಆಕಾರದ ಸಂಖ್ಯೆ, ಅದರ ಪಕ್ಕದಲ್ಲಿ ಅಳತೆಯನ್ನು ಹೇಳುವ ಅಕ್ಷರ, ವೆಲ್ಲಮ್ ಆಗಿದ್ದರೆ ವಿ ಎಂಬ ಅಕ್ಷರ, ಚಿತ್ರಗಾರರ ಹೆಸರಿನ ಮೊದಲಕ್ಷರಗಳು ಇವೆಲ್ಲ ಅಲ್ಲಿಯೇ ಇರುತ್ತವೆ. 1887ರಲ್ಲಿ ಸೇರಿದ ಜಪಾನಿನ ಕಟಾರೊ ಶಿರಾಯಾಮದಾನಿ ತನ್ನ ಹೆಸರನ್ನು ಜಪಾನಿ ಲಿಪಿಯಲ್ಲಿಯೇ ಬರೆಯುತ್ತಿದ್ದ. ಅವನ ಕೈಯ ಹೂ ಸಿಕ್ಕರೆ ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ತಳದಲ್ಲಿ ಗುಣಾಕಾರದ ಗುರುತನ್ನು ಕೊರೆದಿದ್ದರೆ ಕಾರ್ಖಾನೆಯೇ ಆ ಪಾತ್ರೆಯನ್ನು ಎರಡನೆಯ ದರ್ಜೆಯದೆಂದು ತೆಗೆದಿಟ್ಟಿತ್ತು ಎಂದು ಅರ್ಥ. ಹಾಗೆಂದು ಅದನ್ನು ತಳ್ಳಿಹಾಕಬೇಕಾಗಿಲ್ಲ. ಎಷ್ಟೋ ಸಲ ದೋಷವೆಂದರೆ ಒಂದು ಸಣ್ಣ ಗುಳ್ಳೆಯಷ್ಟೇ ಆಗಿದ್ದು ಬೆಲೆ ಮಾತ್ರ ಗಣನೀಯವಾಗಿ ಇಳಿದಿರುತ್ತದೆ.

ರುಕ್‌ವುಡ್ ಬೆಲೆ ಕೈಗೆಟಕದಿದ್ದರೆ ಬರೆದ ಹೂವಿನ ಆಸೆಯನ್ನು ಬಿಡಬೇಕಾಗಿಲ್ಲ. ಝೇನ್ಸ್‌ವಿಲ್‌ನ ವೆಲ್ಲರ್ ಕಂಪನಿಯು 1917ರ ಸುಮಾರಿನಿಂದ 1930ರ ದಶಕದ ಮೊದಲ ವರ್ಷಗಳವರೆಗೆ ತಂದ ಹಡ್ಸನ್ ಎಂಬ ಸಾಲಿನಲ್ಲಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಣ್ಣ ಬದಲಿಸುವ ಹಿನ್ನೆಲೆಯ ಮೇಲೆ ಹೂಗಳನ್ನು ಕೈಯಿಂದಲೇ ಬರೆದು ಮ್ಯಾಟ್ ಗ್ಲೇಜ್ ಹೊದಿಸಿದ್ದಾರೆ. ಮೇ ಟಿಂಬರ್‌ಲೇಕ್, ಹೆಸ್ಟರ್ ಪಿಲ್ಸ್‌ಬರಿ ಮುಂತಾದವರ ಹೆಸರು ಪಾತ್ರೆಯ ಮೈಮೇಲೆ, ಬುಡದ ಹತ್ತಿರ ಇರುತ್ತದೆ. ವೆಲ್ಲರ್ ಎಂಬ ಹೆಸರು ಕೇಳಿದರೆ ಸಂಗ್ರಾಹಕರಲ್ಲಿ ಕೆಲವರು ಮೂಗು ಮುರಿಯುತ್ತಾರೆ, ಏಕೆಂದರೆ ಅದು ಅಗ್ಗದ ಸಾಮಾನನ್ನೂ ರಾಶಿರಾಶಿಯಾಗಿ ಮಾಡಿದ ಕಾರ್ಖಾನೆ. ಆ ಮೂಗು ಮುರಿಯುವಿಕೆಯೇ ನಮಗೆ ಲಾಭ: ಒಳ್ಳೆಯ ಹಡ್ಸನ್ ಹೂದಾನಿಯ ಐರಿಸ್ ಹೂವನ್ನು ಸಾಧಾರಣ ವೆಲ್ಲಮ್ ಪಕ್ಕದಲ್ಲಿಟ್ಟು ಕುಂಚದ ಕೆಲಸವನ್ನಷ್ಟೇ ನೋಡಿದರೆ ಯಾವುದು ಮೇಲು ಎಂದು ಹೇಳಲು ನಾನು ಹಲವು ಬಾರಿ ತಡವರಿಸಿದ್ದೇನೆ, ಬೆಲೆ ಮಾತ್ರ ಬಹುಮಟ್ಟಿಗೆ ಅರ್ಧಕ್ಕೂ ಕಡಿಮೆ.

ಮೆತ್ತಿದ ಹೂ, ಕೊರೆದ ಹೂ: ಗ್ರೂಬಿ ಮತ್ತು ನ್ಯೂಕಮ್

ಗ್ರೂಬಿಯ ಪಾತ್ರೆಗಳಲ್ಲಿ ಹೂವಿಗಿಂತ ಎಲೆಯೇ ಹೆಚ್ಚು. ತಿಗರಿಯ ಮೇಲೆ ಎತ್ತಿದ ದಪ್ಪ ಪಾತ್ರೆಯ ಮೈಗೆ, ಬಾಸ್ಟನ್ನಿನ ಕಲಾಶಾಲೆಗಳಲ್ಲಿ ಕಲಿತ ತರುಣಿಯರು ಮಣ್ಣಿನ ಸಣ್ಣ ಎಳೆಗಳನ್ನು ಹೊಸೆದು ಮೆತ್ತಿ ಉದ್ದನೆಯ ಎಲೆಗಳನ್ನೂ ಅವುಗಳ ನಡುವೆ ಮೊಗ್ಗುಗಳನ್ನೂ ಮಾಡುತ್ತಿದ್ದರು. ವಿನ್ಯಾಸಗಳಲ್ಲಿ ಹಲವು ಜಾರ್ಜ್ ಪ್ರೆಂಟಿಸ್ ಕೆಂಡ್ರಿಕ್‌ನವು. ಸೌತೆಕಾಯಿಯ ಸಿಪ್ಪೆಯಂಥ ಆ ಹಸಿರು ಗ್ಲೇಜ್ ಆವಿಗೆಯಲ್ಲಿ ಎಲೆಯ ಅಂಚಿನಿಂದ ಸ್ವಲ್ಪ ಜಾರಿ ತಗ್ಗಿನಲ್ಲಿ ದಟ್ಟವಾಗುವುದರಿಂದ ಅಂಚಿನ ಗೆರೆ ತಿಳಿಯಾಗಿ ತಾನಾಗಿಯೇ ಎದ್ದು ಕಾಣುತ್ತದೆ. ಮೊಗ್ಗಿಗೆ ಹಳದಿ ಗ್ಲೇಜ್ ಇದ್ದರೆ ಬೆಲೆ ಇನ್ನೂ ಮೇಲೆ. 1900ರ ಪ್ಯಾರಿಸ್ ಮೇಳದಲ್ಲಿ ಪದಕಗಳನ್ನು ಪಡೆದ ಈ ಕಂಪನಿಯ ಹಸಿರನ್ನು ನೋಡಿ ಹತ್ತಾರು ಕಾರ್ಖಾನೆಗಳು ಅಚ್ಚಿನ ಪಾತ್ರೆಗೆ ಹಸಿರು ಬಳಿದು ಕಡಿಮೆ ಬೆಲೆಗೆ ಮಾರಿದವು. ಕೈಕೆಲಸದ ಖರ್ಚು ಹೊತ್ತಿದ್ದ ಗ್ರೂಬಿ 1909ರಲ್ಲಿ ದಿವಾಳಿಯಾಯಿತು. ಇಲಿನಾಯ್ ರಾಜ್ಯದ ಟೆಕೊ ಕೂಡ ಹಸಿರೇ, ಆದರೆ ಅದರ ಸೊಬಗು ಕಟ್ಟಡದಂಥ ಆಕಾರದಲ್ಲಿದೆ; ಹೂ ಹುಡುಕುವವರು ಅದನ್ನು ಬದಿಗಿಡಬಹುದು.

ನ್ಯೂಕಮ್‌ನ ಕಥೆ ಬೇರೆ. ನ್ಯೂ ಆರ್ಲಿಯನ್ಸ್‌ನ ಮಹಿಳಾ ಕಾಲೇಜೊಂದರ ಕಲಾ ವಿಭಾಗದಲ್ಲಿ 1895ರಲ್ಲಿ ಆರಂಭವಾದ ಈ ಕುಂಬಾರಿಕೆಯಲ್ಲಿ ಪಾತ್ರೆ ಎತ್ತುವವನು ಜೋಸೆಫ್ ಮೇಯರ್ ಎಂಬ ಪುರುಷ, ಅಲಂಕರಿಸುವವರು ಹೆಣ್ಣುಮಕ್ಕಳು. ದಕ್ಷಿಣದ ಗಿಡಮರಗಳನ್ನೇ ಬರೆಯಬೇಕು, ಒಂದರಂತೆ ಇನ್ನೊಂದನ್ನು ಮಾಡಬಾರದು ಎಂಬುದು ಅಲ್ಲಿನ ನಿಯಮ. ಮೊದಲ ಹದಿನೈದು ವರ್ಷಗಳ ಪಾತ್ರೆಗಳು ಹೊಳೆಯುತ್ತವೆ. 1910ರಲ್ಲಿ ಮಣ್ಣು ಮತ್ತು ಗ್ಲೇಜುಗಳ ತಜ್ಞ ಪಾಲ್ ಕಾಕ್ಸ್ ಬಂದ ಮೇಲೆ ಅರೆಪಾರದರ್ಶಕ ಮ್ಯಾಟ್ ಗ್ಲೇಜ್ ನೆಲೆಯೂರಿತು. ಹೂವನ್ನು ಹಸಿ ಮಣ್ಣಿನಲ್ಲಿ ತೆಳ್ಳಗೆ ಉಬ್ಬುವಂತೆ ಕೊರೆದು, ನೀಲಿ ಹಸಿರುಗಳನ್ನು ತುಂಬಿ, ಅದರ ಮೇಲೆ ಈ ಗ್ಲೇಜ್ ಹೊದಿಸುತ್ತಿದ್ದರು. ಕೈಯಲ್ಲಿ ಹಿಡಿದರೆ ಹೂವಿನ ಏರಿಳಿತ ಬೆರಳಿಗೆ ತಿಳಿಯುತ್ತದೆ, ಆದರೆ ಎಲ್ಲಿಯೂ ಅಂಚು ಸಿಗುವುದಿಲ್ಲ. ಚಂದ್ರ ಮತ್ತು ಪಾಚಿ ಜೋತುಬಿದ್ದ ಓಕ್ ಮರಗಳ ವಿನ್ಯಾಸವೇ ಅತ್ಯಂತ ಪ್ರಸಿದ್ಧವಾದದ್ದು, ಅದಕ್ಕೇ ಹೆಚ್ಚು ಬೆಲೆ. ಅದನ್ನು ಮೊದಲು ಬರೆದವಳೆಂದು ಹೆಸರಾದ ಸೇಡಿ ಅರ್ವಿನ್ ಮುಂದೆ ಆ ಖ್ಯಾತಿಯ ಬಗ್ಗೆ ಬೇಸರಪಟ್ಟುಕೊಂಡಿದ್ದಳು, ಏಕೆಂದರೆ ಕೊಳ್ಳುವವರೆಲ್ಲ ಮತ್ತೆ ಮತ್ತೆ ಅದನ್ನೇ ಕೇಳತೊಡಗಿದ್ದರು. ಅವಳ ಬೇಸರ ನ್ಯಾಯವಾದದ್ದು ಎಂದು ನನಗೂ ಅನಿಸುತ್ತದೆ. ಅದೇ ಕೈಗಳು ಕೊರೆದ ನಾರ್ಸಿಸಸ್, ಐರಿಸ್ ಹೂಗಳ ಪಾತ್ರೆಗಳು ಓಕ್ ಮರಕ್ಕಿಂತ ಕಡಿಮೆ ಬೆಲೆಗೆ ಬರುತ್ತವೆ ಮತ್ತು ಹೂವಿನ ದೃಷ್ಟಿಯಿಂದ ಅವೇ ಉತ್ತಮ. ತಳದಲ್ಲಿ ಸಿ ಅಕ್ಷರದೊಳಗೆ ಎನ್, ಅಲಂಕರಿಸಿದವಳ ಮೊದಲಕ್ಷರಗಳು, ಮೇಯರ್‌ನ ಜೆ ಮತ್ತು ಎಂ, ದಾಖಲೆಯ ಸಂಕೇತ ಇವು ಇರಬೇಕು.

ಅಚ್ಚಿನ ಹೂ: ವ್ಯಾನ್ ಬ್ರಿಗಲ್ ಮತ್ತು ರೋಸ್‌ವಿಲ್

ಅಚ್ಚು ಎಂದ ಮಾತ್ರಕ್ಕೆ ಕೀಳು ಎಂದು ತಿಳಿಯುವುದು ತಪ್ಪು, ಅದಕ್ಕೆ ವ್ಯಾನ್ ಬ್ರಿಗಲ್ ಸಾಕ್ಷಿ. ಕ್ಷಯದಿಂದ ನರಳುತ್ತಿದ್ದ ಆತ ಒಣ ಹವೆಯನ್ನು ಅರಸಿ 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಹೋಗಿ, 1901ರಲ್ಲಿ ಕಾರ್ಖಾನೆ ಆರಂಭಿಸಿ, 1904ರಲ್ಲಿ ತೀರಿಕೊಂಡ. ಹೂವಿನ ಕಾಂಡವೇ ಪಾತ್ರೆಯ ಕತ್ತಾಗುವಂತೆ, ಎಸಳೇ ಬಾಯಂಚಾಗುವಂತೆ ಮೂಲ ಪಾತ್ರೆಯನ್ನು ಕೈಯಿಂದ ರೂಪಿಸಿ ಅದರಿಂದ ಅಚ್ಚು ತೆಗೆಯುವುದು ಅವನ ಕ್ರಮ. ಇಲ್ಲಿ ಹೂವನ್ನು ಪಾತ್ರೆಯಿಂದ ಬೇರ್ಪಡಿಸಲು ಬರುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ: ಅವನ ಹೆಂಡತಿ ಆನ್ ಕೆಲಸ ಮುಂದುವರಿಸಿದ ಮೇಲೆ ಕಾರ್ಖಾನೆ ಕೈ ಬದಲಾಗುತ್ತಾ 2012ರವರೆಗೂ ನಡೆಯಿತು, ಹಳೆಯ ವಿನ್ಯಾಸಗಳಲ್ಲಿ ಹಲವು ದಶಕಗಳವರೆಗೆ ಮತ್ತೆ ಮತ್ತೆ ಎರಕಗೊಂಡವು. ಜೋಡಿ ಎ ಅಕ್ಷರಗಳ ಗುರುತು ಎಲ್ಲ ಕಾಲದಲ್ಲಿಯೂ ಇರುವುದರಿಂದ ಅದೊಂದನ್ನೇ ನಂಬಿ ಹಳೆಯ ಬೆಲೆ ತೆತ್ತವರು ಬಹಳ ಮಂದಿ. ತಳದಲ್ಲಿ ವರ್ಷ ಕೊರೆದಿರುವ ಮೊದಲ ಎರಡು ದಶಕಗಳ ಪಾತ್ರೆಗೂ ಅದೇ ಆಕಾರದ, 1960ರ ದಶಕದ ಹಸಿರು ಬೆರೆತ ನೀಲಿ ಪಾತ್ರೆಗೂ ಬೆಲೆಯಲ್ಲಿ ಹತ್ತು ಪಟ್ಟು ಅಂತರವಿದ್ದರೂ ಅಚ್ಚರಿಯಿಲ್ಲ.

ಇನ್ನು ರೋಸ್‌ವಿಲ್. 1890ರಲ್ಲಿ ಹುಟ್ಟಿ 1954ರಲ್ಲಿ ಮುಚ್ಚಿದ ಈ ಕಾರ್ಖಾನೆಯ ಕೊನೆಯ ಎರಡು ದಶಕಗಳ ಅಚ್ಚಿನ ಹೂಗಳೇ ಇಂದು ಎಲ್ಲೆಡೆ ಕಾಣುವವು: 1940ರ ದಶಕದ ಮ್ಯಾಗ್ನೋಲಿಯಾ, ಫ್ರೀಸಿಯಾ, ಝೆಫರ್ ಲಿಲಿ, ಸ್ನೋಬೆರಿ, ಮತ್ತು ಅವುಗಳಿಗಿಂತ ಮೊದಲು ಬಂದು ಕಂಪನಿಯನ್ನು ಕಷ್ಟಕಾಲದಲ್ಲಿ ಎತ್ತಿಹಿಡಿದ ಪೈನ್ ಕೋನ್. ವಿನ್ಯಾಸಕ ಫ್ರ್ಯಾಂಕ್ ಫೆರೆಲ್. ಪ್ರತಿಯೊಂದು ಹೂವೂ ಸಾಮಾನ್ಯವಾಗಿ ಮೂರು ಬಣ್ಣಗಳಲ್ಲಿ, ಹತ್ತಾರು ಆಕಾರಗಳಲ್ಲಿ ದೊರೆಯುತ್ತದೆ. ಅಚ್ಚಿನಿಂದ ಇಳಿದ ಹೂವಿಗೆ ಕಾರ್ಮಿಕರು ಕುಂಚದಿಂದ ಬಣ್ಣ ತುಂಬುತ್ತಿದ್ದರು. ಮ್ಯಾಗ್ನೋಲಿಯಾ ನಮ್ಮ ಸಂಪಿಗೆಯ ಕುಲದ ಹೂ. ಒರಟು ನೀಲಿ ಹಿನ್ನೆಲೆಯ ಮೇಲೆ ಅದರ ದಪ್ಪ ಬಿಳಿ ಎಸಳು, ಹಿಡಿಯ ಜಾಗದಲ್ಲಿ ಬಾಗಿದ ರೆಂಬೆ, ಇವನ್ನು ನೋಡಿ ನನ್ನ ತಾಯಿ ಕಾರ್ಖಾನೆಯ ಮಾಲು ಎಂಬುದನ್ನು ಲೆಕ್ಕಿಸದೆ ಮೆಚ್ಚಿದ್ದರು. ಹಳೆಯ ಸಾಲುಗಳಲ್ಲಿ 1930ರ ಸನ್‌ಫ್ಲವರ್ ಈ ಲೆಕ್ಕಕ್ಕೆ ಸಿಗದಷ್ಟು ದುಬಾರಿ. ಅದಕ್ಕೆ ತಳದಲ್ಲಿ ಗುರುತಿಲ್ಲದೆ ಕಾಗದದ ಚೀಟಿ ಮಾತ್ರ ಅಂಟಿಸುತ್ತಿದ್ದುದರಿಂದ ಅನುಭವವಿಲ್ಲದವರು ಮುಟ್ಟದಿರುವುದು ಒಳ್ಳೆಯದು.

ರೋಸ್‌ವಿಲ್‌ನ ನಿಜವಾದ ಕಂಟಕ ನಕಲಿ. 1990ರ ದಶಕದಿಂದ ಚೀನಾದಲ್ಲಿ ಎರಕ ಹೊಯ್ದ ಪ್ರತಿಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡಿವೆ. 1940ರ ದಶಕದ ಅಸಲಿ ಪಾತ್ರೆಯ ತಳದಲ್ಲಿ ಉಬ್ಬು ಅಕ್ಷರಗಳಲ್ಲಿ ರೋಸ್‌ವಿಲ್ ಎಂಬ ಹೆಸರು, ಅದರ ಜೊತೆ ಯುಎಸ್‌ಎ, ಆಕಾರದ ಸಂಖ್ಯೆ ಮತ್ತು ಅಡ್ಡಗೆರೆಯ ನಂತರ ಇಂಚಿನಲ್ಲಿ ಅಳತೆ ಇರುತ್ತವೆ. ನಕಲಿಗಳಲ್ಲಿ ಬಹುತೇಕ ಯುಎಸ್‌ಎ ಇರುವುದಿಲ್ಲ. ಅಸಲಿ ಪಾತ್ರೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಮಣ್ಣು ಒಣಗಿ ಬೇಯುವಾಗ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುವುದರಿಂದ, ತಳದಲ್ಲಿ ಎಂಟು ಇಂಚು ಎಂದಿದ್ದು ಟೇಪು ಏಳೂಕಾಲು ತೋರಿಸಿದರೆ ಅಲ್ಲಿಗೇ ಬಿಟ್ಟುಬಿಡಬೇಕು. ಎಸಳಿನ ಬಣ್ಣ ಗೆರೆ ದಾಟಿ ಹಿನ್ನೆಲೆಗೆ ಚೆಲ್ಲಿರುವುದು, ಉಬ್ಬಿನ ಅಂಚು ಸವೆದ ನಾಣ್ಯದಂತೆ ಮೊಂಡಾಗಿರುವುದು ಇನ್ನೆರಡು ಸುಳಿವುಗಳು.

ಕೈಗೆತ್ತಿಕೊಂಡಾಗ ನೋಡಬೇಕಾದದ್ದು

ಮ್ಯಾಟ್ ಮೈಯಲ್ಲಿ ದುರಸ್ತಿಯನ್ನು ಅಡಗಿಸುವುದು ಸುಲಭ ಎಂಬ ಪಾಠವನ್ನು ನಾನು ಹಣ ಕೊಟ್ಟು ಕಲಿತೆ. ಚಿತ್ರ ನೋಡಿ ತರಿಸಿಕೊಂಡ ವೆಲ್ಲಮ್ ಒಂದರ ಬಾಯಂಚಿನ ಕಾಲು ಭಾಗ ಪೂರ್ತಿ ಬಣ್ಣದ ಮೆತ್ತೆಯಾಗಿತ್ತು. ಕಣ್ಣಿಗೆ ಎಲ್ಲಿಯೂ ಗೆರೆ ಕಾಣದಿದ್ದರೂ ಕೆನ್ನೆಗೆ ತಾಗಿಸಿದಾಗ ಅಷ್ಟು ಭಾಗ ಮಾತ್ರ ಬೆಚ್ಚಗೆ ಪ್ಲಾಸ್ಟಿಕ್ಕಿನಂತಿತ್ತು, ಉಳಿದದ್ದು ತಣ್ಣಗಿತ್ತು. ಅಂದಿನಿಂದ ಬಾಯಂಚು, ಹಿಡಿ, ತಳದ ಸುತ್ತು ಈ ಮೂರನ್ನೂ ಕೆನ್ನೆಗೋ ತುಟಿಗೋ ತಾಗಿಸಿ ನೋಡುತ್ತೇನೆ, ಸಾಧ್ಯವಾದರೆ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಿಡಿಯುತ್ತೇನೆ. ಹೊಸ ಬಣ್ಣವು ಗ್ಲೇಜಿಗಿಂತ ಬೇರೆಯಾಗಿ ಮಿನುಗುತ್ತದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ನಾದವಿಲ್ಲದೆ ಕುಂಯ್ ಎನ್ನದೆ ಟೊಪ್ಪೆಂದರೆ ಎಲ್ಲೋ ಬಿರುಕಿದೆ ಎಂದು ಸಂಶಯಪಡಬೇಕು. ತಳದಲ್ಲಿ ದುಂಡನೆಯ ತೂತಿದ್ದರೆ ಅದನ್ನು ಯಾರೋ ದೀಪದ ಕಂಬವಾಗಿ ಬಳಸಿದ್ದಾರೆ. ಕಾರ್ಖಾನೆಯಲ್ಲಿಯೇ ಬಿಟ್ಟ ತೂತಾದರೆ ಅಂಚಿಗೆ ಗ್ಲೇಜ್ ಇಳಿದಿರುತ್ತದೆ, ಆಮೇಲೆ ಕೊರೆದದ್ದಾದರೆ ಬರಿಯ ಮಣ್ಣು ಕಾಣುತ್ತದೆ.

ಎಲ್ಲ ದೋಷಗಳೂ ಸಮಾನವಲ್ಲ. ಗ್ಲೇಜೂ ಮಣ್ಣೂ ತಣಿಯುವಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಮೂಡುವ ಬಲೆಯಂಥ ಸೂಕ್ಷ್ಮ ಗೆರೆಗಳು ವೆಲ್ಲಮ್‌ನಲ್ಲಿ ಸಹಜ. ಗೆರೆಯಿಲ್ಲದ ವೆಲ್ಲಮ್‌ಗೆ ಹೆಚ್ಚು ಬೆಲೆ ಇದೆ, ಆದರೆ ಗೆರೆಯಿದೆ ಎಂದು ಬೇಡವೆನ್ನಬೇಕಾಗಿಲ್ಲ. ಆ ಗೆರೆಗಳಲ್ಲಿ ಕಂದು ಕಲೆ ಇಳಿದಿದೆಯೇ ಎಂದು ಮಾತ್ರ ನೋಡಬೇಕು. ಗ್ರೂಬಿಯ ಎಲೆಯಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿರುವುದನ್ನು ಸಂಗ್ರಾಹಕರು ದೋಷವೆಂದೇ ಲೆಕ್ಕಿಸುವುದಿಲ್ಲ. ಅದೇ ಚಕ್ಕೆ ರೋಸ್‌ವಿಲ್‌ನಲ್ಲಿದ್ದರೆ ಮಾತ್ರ ಕೊಳ್ಳಬೇಡಿ, ಅಂಥದೇ ಇನ್ನೊಂದು ಮುಂದಿನ ಅಂಗಡಿಯಲ್ಲಿ ಇದ್ದೇ ಇರುತ್ತದೆ.

ಯಾರಿಗೆ ಯಾವುದು

ಮನೆಯ ಕಿಟಕಿಯ ಬಳಿ ಚೆಂದವಾಗಿ ಕಾಣುವ ಒಂದು ಪಾತ್ರೆ ಸಾಕು, ಮಕ್ಕಳು ಬೀಳಿಸಿದರೂ ವಾರಗಟ್ಟಲೆ ನಿದ್ದೆ ಕೆಡಬಾರದು ಎನ್ನುವವರು ಗುರುತು ಸರಿಯಿರುವ, ಚಕ್ಕೆಯೇಳದ 1940ರ ದಶಕದ ರೋಸ್‌ವಿಲ್ ಕೊಳ್ಳಬೇಕು. ನಾನು ನೋಡಿರುವ ಮಟ್ಟಿಗೆ ನೂರರ ಆಸುಪಾಸಿನ ಡಾಲರಿಗೆ ಸಿಗುತ್ತದೆ. ಒಂದೇ ಒಂದು ಪಾತ್ರೆಯನ್ನು ಕೊಂಡು ಬಹುಕಾಲ ಇಟ್ಟುಕೊಳ್ಳುವ ಉದ್ದೇಶವಿದ್ದು ಕೆಲವು ನೂರು ಡಾಲರ್ ಕೊಡಬಲ್ಲವರು ಮೊದಲು ವೆಲ್ಲರ್ ಹಡ್ಸನ್ ನೋಡಿ, ಆಮೇಲೆ ಚಿಕ್ಕ ಅಳತೆಯ ವೆಲ್ಲಮ್ ನೋಡಬೇಕು. ಸಾವಿರಗಳನ್ನು ವ್ಯಯಿಸಲು ಸಿದ್ಧವಿರುವವರು ಗ್ರೂಬಿಗಿಂತ ನ್ಯೂಕಮ್ ಕಡೆ ಹೋಗಬೇಕು ಎಂಬುದು ಹೂ ಮೆಚ್ಚುವವನಾಗಿ ನನ್ನ ಪಕ್ಷಪಾತ. ಎಲೆ ಮೆಚ್ಚುವವರು ನನ್ನ ಮಾತನ್ನು ಕೇಳಬೇಕಾಗಿಲ್ಲ. ವ್ಯಾನ್ ಬ್ರಿಗಲ್ ಅನ್ನು ಮಾತ್ರ ತಳವನ್ನು ಓದಲು ಬಂದ ಮೇಲೆಯೇ ಕೊಳ್ಳಿರಿ. ಸಿನ್ಸಿನಾಟಿ ಆರ್ಟ್ ಮ್ಯೂಸಿಯಮ್ಮಿನಲ್ಲಿ ರುಕ್‌ವುಡ್, ಝೇನ್ಸ್‌ವಿಲ್‌ನ ಮ್ಯೂಸಿಯಮ್ಮಿನಲ್ಲಿ ಒಹಾಯೊ ಕಾರ್ಖಾನೆಗಳ ಪಾತ್ರೆಗಳಿವೆ. ಅಮೆರಿಕದಲ್ಲಿರುವ ಕನ್ನಡಿಗರು ಕೊಳ್ಳುವ ಮೊದಲು ಅಲ್ಲಿ ಅರ್ಧ ದಿನ ಕಳೆದರೆ ಕಣ್ಣು ಪಳಗುತ್ತದೆ.

ಕೊಂಡ ಮೇಲೆ ಇವುಗಳಿಗೆ ನೀರು ತುಂಬಬಾರದು. ನಮ್ಮ ಮಡಕೆ ಬೆವರಿ ನೀರನ್ನು ತಂಪು ಮಾಡುವಂತೆಯೇ, ಒಳಗಿನ ಗ್ಲೇಜ್ ಗೆರೆಬಿಟ್ಟಿದ್ದರೆ ಈ ಪಾತ್ರೆಗಳ ಮಣ್ಣೂ ನೀರನ್ನು ಹೀರಿ ಕೆಲವು ದಿನಗಳಲ್ಲಿ ಮೇಜಿನ ಮೇಲೆ ಬಿಳಿಯ ಉಂಗುರ ಮೂಡಿಸುತ್ತದೆ, ಗೆರೆಗಳಲ್ಲಿ ಕಲೆಯೂ ಇಳಿಯುತ್ತದೆ. ಆ ಕಾಲದ ಗ್ಲೇಜುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ಬಟ್ಟಲಾಗಿದ್ದರೂ ತಿನ್ನುವ ಪದಾರ್ಥ ಇಡಬಾರದು. ಹೂ ಇಡಲೇಬೇಕೆಂದಿದ್ದರೆ ಬಾಯೊಳಗೆ ಹಿಡಿಸುವಂಥ ಗಾಜಿನ ಲೋಟವೊಂದನ್ನು ಇಳಿಸಿ, ನೀರನ್ನು ಅದರಲ್ಲಿ ಹಾಕಿ, ಬರೆದ ಹೂವಿನ ಮುಂದೆ ನಿಜವಾದ ಹೂ ಬಾಗದಂತೆ ಎರಡೇ ಕಾಂಡ ಇಡುವುದು ನನ್ನ ರೂಢಿ.